ಹನ್ನೆರಡನೇ ಕುರ್ಚಿ

ಉಪದೇಶಿ ಅಂತೋಣಪ್ಪ ಬಾಗಿಲಲ್ಲೇ ನಿಂತು
"ಈ ಸಲ ನಿನ್ನ ಕಾಲು ಬೇಕು" ಅಂದ.
ಬೂದಿ ಬುಧವಾರ ಕಳೆದು ಐದು ವಾರ.
ಬಳ್ಳಾರಿಯ ಬಿಸಿಲು ಗುಡ್ಡದ ಬಂಡೆಯಿಂದ ಇಳಿದು
ಕೌಲ್ ಬಜಾರಿನ ನಮ್ಮ ತಗಡಿನ ಮೇಲೆ ಕೂತಿತ್ತು.

ನನ್ನ ಕಾಲು ಯಾರಿಗೆ ಬೇಕು?
ಜೀನ್ಸ್ ತೊಳೆಯುವ ಹೊಂಡದಲ್ಲಿ ಹನ್ನೊಂದು ವರ್ಷ ನಿಂತವು.
ಹಿಮ್ಮಡಿಯ ಬಿರುಕಲ್ಲಿ, ಉಗುರಿನ ಸಂದಿಯಲ್ಲಿ
ಊರವರ ಪ್ಯಾಂಟಿನ ನೀಲಿ.
ಅಪ್ಪ ಅದಿರಿನ ಲಾರಿ ತುಂಬುತ್ತಿದ್ದ, ಅವನ ಕಾಲು ಕೆಂಪು.
ಪೆಟ್ಟಿಗೆಯಲ್ಲಿ ಮಲಗಿಸುವಾಗಲೂ ಕೆಂಪೇ.
ಅವ್ವ ಸಾಕ್ಸ್ ತೊಡಿಸಿದಳು,
ಜೀವಮಾನದಲ್ಲಿ ಅವನು ತೊಟ್ಟ ಒಂದೇ ಜೊತೆ.

ಮೂರು ದಿನ ತಿಕ್ಕಿದೆ.
ನಿಂಬೆಹೋಳು, ಸೋಡಾ, ಕೊನೆಗೆ
ಪ್ಯಾಂಟಿನ ಬಣ್ಣ ತೆಗೆಯುವ ಅದೇ ತೂತುಗಲ್ಲು.
ಜಪಮಾಲಿ ನಕ್ಕಳು:
"ತೊಳಿಯೋರು ಅವರು. ನೀ ಯಾಕ ತೊಳ್ಕೊಂಡು ಹೊಂಟಿ?"

ಯೂನಿಟ್ಟಿನಲ್ಲಿ ಖಾಸೀಮ ಪಂಪು ನಿಲ್ಲಿಸಿ ಕೇಳಿದ:
"ಕಿರಸ್ತಾನ ಅಂದ್ರ ಏನಲೇ?
ನಮಗ ರೋಜಾ ಐತಿ, ನಮಾಜು ಐತಿ.
ವೀರಭದ್ರಗ ಲಿಂಗಪೂಜಿ ಐತಿ. ನಿಮಗ?"
ಕೊರಳ ಶಿಲುಬೆ ತೋರಿಸಿದೆ.
"ಅದು ಹಾಕ್ಕೊಳ್ಳೋದು. ಆಗೋದು ಏನು?"
ಬಾಯ ತುಂಬ ಒಗ್ಗಾಣಿ ಇತ್ತು, ಪುಣ್ಯಕ್ಕೆ.
ಮೆಣಸಿನಕಾಯಿ ಕಚ್ಚಿ ಸುಮ್ಮನಾದೆ.

ಗುರುವಾರ ಸಂಜೆ, ಪೀಠದ ಮುಂದೆ ಹನ್ನೆರಡು ಕುರ್ಚಿ,
ಶಾಮಿಯಾನದಂಗಡಿಯ ಪ್ಲಾಸ್ಟಿಕ್ಕಿನವು.
ನನಗೆ ಸಿಕ್ಕಿದ್ದು ಕೊನೆಯದು.
ಹಿಂದಿನ ಸಾಲಲ್ಲಿ ಹುಡುಗರ ಪಿಸುಮಾತು:
"ಯೂದ ಯಾರಲೇ? ಆ ನೀಲಿಕಾಲಿನವ."

ನಾಲ್ಕನೇ ಕುರ್ಚಿಯಲ್ಲಿ ಚೌರಪ್ಪ. ನನ್ನ ಅಣ್ಣ.
ಅವ್ವ ಸತ್ತ ಮೇಲೆ ಆರು ವರ್ಷ ಮಾತಿಲ್ಲ,
ಒಂದು ಹೊಲಿಗೆ ಮಷೀನಿಗಾಗಿ.
ಅದೀಗ ಯಾರ ಮನೆಯಲ್ಲಿದೆ ಎಂದು ಕೇಳಬೇಡಿ.
ನಮ್ಮಲ್ಲಿದೆ.
ಬೆಲ್ಟು ಹರಿದು ಮೂಲೆಯಲ್ಲಿದೆ.

ಫಾದರಿಗೆ ಮಂಡಿನೋವು.
ಕುರ್ಚಿಯಿಂದ ಕುರ್ಚಿಗೆ ಉಸಿರು ಹೆಚ್ಚುತ್ತ ಬಂತು,
ನನ್ನ ಮುಂದೆ ಕೈಯೂರಿ ಕೂತೇಬಿಟ್ಟರು.
ಹಿತ್ತಾಳೆ ತಂಬಿಗೆಯ ನೀರು ಬಿತ್ತು,
ತಿಕ್ಕಿದ್ದೆಲ್ಲ ಸುಳ್ಳಾಯಿತು.
ಬೋಗುಣಿಗೆ ನೀಲಿ ಇಳಿಯಿತು, ಎಳೆ ಎಳೆಯಾಗಿ,
ಹನ್ನೊಂದು ಜನರ ಕಾಲು ಕಂಡ ನೀರಿಗೆ,
ಚೌರಪ್ಪನ ಕಾಲು ಕಂಡ ನೀರಿಗೆ.
ಬಿಳಿ ಟವೆಲ್ಲಿನ ಮೇಲೆ ನನ್ನ ಹಿಮ್ಮಡಿಯ ಅಚ್ಚು.
ಅವರು ನೋಡಿದರು. ಮಡಚಿ ಬಚ್ಚಿಡಲಿಲ್ಲ.
ಹೆಗಲ ಮೇಲೆ ಹಾಗೇ ಹಾಕಿಕೊಂಡು ಎದ್ದರು.

ಆಮೇಲಿನ ಪೂಜೆ ನನ್ನ ಕಿವಿಗೆ ಬೀಳಲಿಲ್ಲ.
ಯೇಸುಸ್ವಾಮಿ ಆ ರಾತ್ರಿ ಅವನ ಕಾಲನ್ನೂ ತೊಳೆದರಲ್ಲ,
ಬೆಲೆ ಮಾತಾಡಿ ಬಂದಿದ್ದವನ ಕಾಲನ್ನು.
ಗೊತ್ತಿದ್ದೂ.
ಬೆರಳು ಬಿಡಿಸಿ, ಸಂದಿ ಸಂದಿ.
ಅವನಿಗೆ ಕಚಗುಳಿ ಆಯಿತೋ ಏನೋ.
ಎದ್ದು ಕತ್ತಲೆಗೆ ಹೋದನಲ್ಲ, ತೊಳೆದ ಕಾಲಲ್ಲೇ ಹೋದ.
ತೋಟದಲ್ಲಿ ಮುತ್ತಿಡಲು ತುದಿಗಾಲಲ್ಲಿ ನಿಂತಾಗ
ಆ ಬೆರಳುಗಳು ಸ್ವಚ್ಛ.
ಇದನ್ನು ಯಾರೂ ನನಗೆ ಹೇಳಿರಲಿಲ್ಲ.
ಹೇಳಿದ್ದರೂ ಕುರ್ಚಿಯಲ್ಲಿ ಕೂರದೆ ತಿಳಿಯುತ್ತಿರಲಿಲ್ಲ.

ಹೊರಗೆ ಚಪ್ಪಲಿಗಳ ರಾಶಿ.
ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಲ್ಲಿ ನನ್ನವು ಹುಡುಕುವಾಗ
ಅಣ್ಣನವು ಸಿಕ್ಕವು.
ಗುರುತು ಹಿಡಿದೆ, ಉಂಗುಷ್ಠಕ್ಕೆ ಪಿನ್ನು ಚುಚ್ಚುವುದು
ಅವ್ವ ಕಲಿಸಿದ ಚಟ.
ಒಂದು ಮಗುಚಿ ಬಿದ್ದಿತ್ತು. ಎತ್ತಿ, ಧೂಳು ಕೊಡವಿ
ಜೋಡಿಸಿ ಇಟ್ಟೆ, ಅವನು ಇಳಿದು ಬರುವ ಕಡೆಗೆ ಮುಖ ಮಾಡಿ ಅಲ್ಲ,
ಮೆಟ್ಟಿ ನಡೆಯುವ ಕಡೆಗೆ.
ತೊಳೆಯಲಿಲ್ಲ. ಅಷ್ಟು ದೊಡ್ಡವ ನಾನಲ್ಲ.
ಅವನು ಬಂದ, ಕಾಲು ತೂರಿಸಿದ, ಹೋದ.
ತಿರುಗಿ ನೋಡಲಿಲ್ಲ.

ನಾಳೆ ಶುಭ ಶುಕ್ರವಾರ. ಮಾಲೀಕ ರಜೆ ಕೊಟ್ಟಿಲ್ಲ,
ಮೂರು ಗಂಟೆಗೆ ಬಿಡುತ್ತಾನಂತೆ.
ಅಷ್ಟರೊಳಗೆ ಕಾಲು ಮತ್ತೆ ನೀಲಿ.
ಖಾಸೀಮ ಬಿಡುವವನಲ್ಲ, ಮತ್ತೆ ಕೇಳುತ್ತಾನೆ.
ಅವನ ಭಾವನ ಅಂಗಡಿ ಇದೆ, ಮಷೀನು ರಿಪೇರಿಯದು.
ಒಂದು ಬೆಲ್ಟಿಗೆ ಎಷ್ಟಾಗುತ್ತದೆ,
ಅದನ್ನು ಮೊದಲು ನಾನೇ ಕೇಳಬೇಕು.